ಗಿಡ ಗೊತ್ತಾದ ಮೇಲೆ ಪತಂಗ ಸಿಕ್ಕಿತು

ಪತಂಗ ನೋಡಬೇಕಾದರೆ ರಾತ್ರಿ ದೀಪ ಇಟ್ಟರೆ ಸಾಕು ಅಂತ ಮೊದಲೆರಡು ವರ್ಷ ಅಂದುಕೊಂಡಿದ್ದೆ. ಇಂಗ್ಲೆಂಡಿನ ಸಾಲ್ಸ್‌ಬರಿ ಹತ್ತಿರದ ಬೆಂಟ್ಲಿ ವುಡ್‌ಗೆ ಅನುಮತಿ ಪಡೆದು ದೀಪದ ಪೆಟ್ಟಿಗೆ ಒಯ್ಯುತ್ತಿದ್ದೆ. ಅದು ಹಳೇ ಕಾಡು. 1600ಕ್ಕೂ ಮೊದಲಿನಿಂದ ಕಾಡಾಗಿಯೇ ಉಳಿದ ಜಾಗವನ್ನು ಅಲ್ಲಿ ಏನ್ಷಿಯಂಟ್ ವುಡ್‌ಲ್ಯಾಂಡ್ ಅನ್ನುತ್ತಾರೆ.

ಪೆಟ್ಟಿಗೆ ತುಂಬಾ ಸರಳ. ಮೇಲೆ ಬಲ್ಬು, ಕೆಳಗೆ ಓರೆಯಾಗಿ ಎರಡು ಪ್ಲಾಸ್ಟಿಕ್ ಹಾಳೆ, ಒಳಗೆ ಮೊಟ್ಟೆಯ ರಟ್ಟಿನ ಟ್ರೇಗಳು. ದೀಪಕ್ಕೆ ಬಂದ ಪತಂಗ ಸಂದಿಯಲ್ಲಿ ಜಾರಿ, ಟ್ರೇಯ ಗುಳಿಯೊಳಗೆ ಬೆಳಗಿನವರೆಗೆ ಸುಮ್ನೆ ಕೂತಿರುತ್ತದೆ. ಜೂನ್‌ನ ಒಂದು ಬೆಳಿಗ್ಗೆ ಟ್ರೇಯಲ್ಲಿ ಕಡ್ಡಿ ಬಿದ್ದಿದೆ ಅಂತ ತೆಗೆಯಲು ಹೋದೆ. ಬರ್ಚ್ ಮರದ ಬೆಳ್ಳಿ ತೊಗಟೆ, ತುದಿಯಲ್ಲಿ ಈಗಷ್ಟೇ ಮುರಿದಂಥ ತಿಳಿಹಳದಿ. ಬೆರಳು ತಾಗಿದ್ದೇ ತಡ, ಕಡ್ಡಿ ಕಾಲು ಚಾಚಿತು. ಬಫ್-ಟಿಪ್ ಪತಂಗ!

ಒಂದು ದಿನ ಮಾತ್ರ ಬೆಳಕು ಹರಿದ ಮೇಲೆ ಹೋದೆ. ರಾಬಿನ್ ಹಕ್ಕಿ ಮೊದಲೇ ಬಂದಿತ್ತು. ಪೆಟ್ಟಿಗೆಯ ಸುತ್ತ ಹುಲ್ಲಿನ ಮೇಲೆ ಬರೀ ರೆಕ್ಕೆಗಳು. ನಾನು ಕರೆದು ತಂದ ಜೀವಗಳು ಅಲ್ವಾ, ತುಂಬಾ ನೋವಾಯಿತು. ಅವತ್ತಿನಿಂದ ಕತ್ತಲಿರುವಾಗಲೇ ಅಲ್ಲಿರುತ್ತೇನೆ. ಎಣಿಸಿ, ಬರೆದುಕೊಂಡು, ಪ್ರತಿ ಸಲ ಬೇರೆ ಬೇರೆ ದಟ್ಟ ಪೊದೆಯಲ್ಲಿ ಬಿಡುತ್ತೇನೆ.

ಇಷ್ಟಾದರೂ ನಾನು ಹುಡುಕುತ್ತಿದ್ದ ಡ್ರ್ಯಾಬ್ ಲೂಪರ್ ಸಿಗಲಿಲ್ಲ. ಅದು ಬಿಸಿಲಲ್ಲಿ ಹಾರುವ ಪತಂಗ. ಅದರ ಹುಳು ನೆಚ್ಚಿಕೊಂಡಿರುವುದು ವುಡ್ ಸ್ಪರ್ಜ್ ಅನ್ನುವ ಗಿಡವನ್ನು. ಸರಿ, ದೀಪ ಬದಿಗಿಟ್ಟು ಹೂವು ಕಲಿಯಲು ಶುರುಮಾಡಿದೆ.

ಮಾರ್ಚ್ ಕೊನೆಗೆ ಬಿಳಿ ವುಡ್ ಅನಿಮೋನಿ. ಬಿಸಿಲು ಬಂದರೆ ಅರಳುತ್ತದೆ, ಮೋಡ ಕವಿದರೆ ಮುದುಡುತ್ತದೆ. ನೂರು ವರ್ಷಕ್ಕೆ ಸುಮಾರು 6 ಅಡಿ ಹಬ್ಬುತ್ತದೆ ಅನ್ನುವ ಲೆಕ್ಕವಿದೆ. ಅದರ ಒಂದು ದೊಡ್ಡ ಹಾಸು ಕಂಡರೆ ಕಾಲಿಡಲೇ ಮನಸ್ಸಾಗುವುದಿಲ್ಲ. ಆಮೇಲೆ ಬ್ಲೂಬೆಲ್, ಮರಗಳು ಎಲೆ ಬಿಟ್ಟು ನೆರಳಾಗುವುದರೊಳಗೆ.

ವುಡ್ ಸ್ಪರ್ಜ್ ಕಂಡಿದ್ದು ಹೇಝಲ್ ಕಡಿದ ಜಾಗದಲ್ಲಿ. ಅಲ್ಲಿ ಹೇಝಲ್ ಪೊದೆಗಳನ್ನು ಕೆಲವು ವರ್ಷಕ್ಕೊಮ್ಮೆ ಬುಡದವರೆಗೆ ಕಡಿಯುತ್ತಾರೆ. ಬುಡ ಮತ್ತೆ ಚಿಗುರುತ್ತದೆ. ನೆಲಕ್ಕೆ ಬಿಸಿಲು ಬಿದ್ದಾಗ ಮಣ್ಣಲ್ಲಿ ಮಲಗಿದ್ದ ಬೀಜಗಳೂ ಏಳುತ್ತವೆ. ಸ್ಪರ್ಜ್‌ಗೆ ಕೆಂಪು ಕಾಂಡ, ಹಸಿರು-ಹಳದಿ ಬಟ್ಟಲಿನಂಥ ಹೂವು. ಒಂದು ಎಲೆ ಮುರಿದಿತ್ತು, ಅಲ್ಲಿ ಬಿಳಿ ಹಾಲಿನ ಹನಿ. ನಮ್ಮೂರ ಬೇಲಿಯ ಕಳ್ಳಿಯೇ ನೆನಪಾಯಿತು. ಎರಡೂ ಯೂಫೋರ್ಬಿಯಾ ಕುಲದವೇ.

ಮೇ ಕೊನೆಯ ಬಿಸಿಲಲ್ಲಿ ಆ ಗಿಡಗಳ ಪಕ್ಕ ಕೂತೆ. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಮೊಣಕಾಲೆತ್ತರದಲ್ಲಿ ಉಗುರಿನಷ್ಟು ಕಂದು ಚೂರೊಂದು ತೇಲಿ ಬಂದು ಹೂವಿನ ಕೆಳಗಿನ ಎಲೆ ಮೇಲೆ ಕೂತಿತು. ಚುಕ್ಕೆಯಿಲ್ಲ, ಗೆರೆಯಿಲ್ಲ. ರೆಕ್ಕೆ ಓರೆಯಾದಾಗ ಮಾತ್ರ ರೇಷ್ಮೆಯ ಹೊಳಪು. ಇದೇ ಅದು.

ಈಗ ಆ ಹೇಝಲ್ ನನ್ನ ತಲೆಗಿಂತ ಎತ್ತರ ಬೆಳೆದಿದೆ, ಸ್ಪರ್ಜ್ ಕಮ್ಮಿಯಾಗಿದೆ. ಪಕ್ಕದ ತುಂಡನ್ನು ಈ ಚಳಿಗಾಲ ಕಡಿದಿದ್ದಾರೆ. ಇನ್ನು ಅಲ್ಲಿ ಕೂರಬೇಕು.