ಎಕ್ಸೆಲ್‌ನಲ್ಲಿ ಶಾರ್ಟ್‌ಕಟ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು?

ತಿಂಗಳ ಕೊನೆ, ಸಂಬಳದ ಪಟ್ಟಿ ಅರ್ಧಕ್ಕೆ ಬಂದಿದೆ. ಕೆಳಗಿನ ಸೆಲ್‌ಗೆ ಹೋಗೋಣವೆಂದು ಬಾಣದ ಕೀ ಒತ್ತಿದರೆ ಸೆಲ್ ಇದ್ದಲ್ಲೇ ಇದೆ, ಹಾಳೆ ಮಾತ್ರ ಸರಿಯುತ್ತಿದೆ. ಕೀಬೋರ್ಡ್ ಹಾಳಾಯಿತೆಂದು ಹೊಸದು ತರಿಸಿದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಆ ಖರ್ಚು ಮಾಡಬೇಡಿ. ನಾವು ಒತ್ತಿದ ಕೀ ನೇರವಾಗಿ ಎಕ್ಸೆಲ್ ಕೈಗೆ ಸಿಗುವುದಿಲ್ಲ. ವಿಂಡೋಸ್ ಇದೆ, ಕನ್ನಡ ಟೈಪಿಂಗ್ ತಂತ್ರಾಂಶ ಇದೆ. ನಡುವೆ ಅದನ್ನು ಹಿಡಿದುಕೊಂಡವರು ಯಾರು ಎಂದು ಪತ್ತೆ ಹಚ್ಚಿದರೆ ಸಾಕು. ಎರಡು ಭಾಷೆಯಲ್ಲಿ ಟೈಪ್ ಮಾಡುವ ನಮಗೆ ಈ ಪತ್ತೇದಾರಿಕೆ ಸ್ವಲ್ಪ ಹೆಚ್ಚೇ ಬೇಕು.

ಮೊದಲು ಎಕ್ಸೆಲ್ ಕಿಟಕಿಯ ಕೆಳಗಿನ ಎಡಮೂಲೆ ನೋಡಿ. ಅಲ್ಲಿ ‘ರೆಡಿ’ ಎಂದಿರಬೇಕು. ‘ಎಂಟರ್’ ಅಥವಾ ‘ಎಡಿಟ್’ ಎಂದಿದ್ದರೆ ನೀವಿನ್ನೂ ಸೆಲ್‌ನ ಒಳಗೇ ಇದ್ದೀರಿ, ಹಾಗಾಗಿ ಅನೇಕ ಶಾರ್ಟ್‌ಕಟ್‌ಗಳು ನಡೆಯುವುದಿಲ್ಲ. ಎಸ್ಕೇಪ್ ಒತ್ತಿ ಹೊರಬನ್ನಿ. ಆದರೆ ಆಗಷ್ಟೇ ಟೈಪ್ ಮಾಡಿದ್ದು ಬೇಕಿದ್ದರೆ ಎಂಟರ್ ಒತ್ತಿ, ಇಲ್ಲದಿದ್ದರೆ ಅದು ಹೋಗಿಬಿಡುತ್ತದೆ. ‘ಎಕ್ಸ್‌ಟೆಂಡ್ ಸೆಲೆಕ್ಷನ್’ ಎಂದು ಕಂಡರೆ ಕೈತಪ್ಪಿ ಎಫ್8 ತಗುಲಿದೆ. ಅದಕ್ಕೂ ಎಸ್ಕೇಪ್ ಸಾಕು.

ಇನ್ನು ಓಡುವ ಹಾಳೆಯ ವಿಷಯ. ಇದು ಸ್ಕ್ರೋಲ್ ಲಾಕ್ ಕೀಯ ಕೆಲಸ. ಅದು ಆನ್ ಇದ್ದಾಗ ಬಾಣದ ಕೀಗಳು ಸೆಲ್ ಬದಲಿಸದೆ ಹಾಳೆಯನ್ನು ಸರಿಸುತ್ತವೆ. ನುಡಿ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಕನ್ನಡ–ಇಂಗ್ಲಿಷ್ ಬದಲಿಸಲು ಇದೇ ಕೀ. ಅಂದರೆ ಹೆಸರುಗಳನ್ನು ಕನ್ನಡದಲ್ಲಿ ತುಂಬಲು ಅದನ್ನು ಒತ್ತಿದ ಗಳಿಗೆಯಲ್ಲೇ ಎಕ್ಸೆಲ್‌ಗೂ ಬೇರೊಂದು ಅಪ್ಪಣೆ ಹೋಗಿರುತ್ತದೆ. ಇಲ್ಲಿ ಯಾರ ತಪ್ಪೂ ಇಲ್ಲ, ಒಂದೇ ಕೀಗೆ ಇಬ್ಬರು ಯಜಮಾನರು. ಕನ್ನಡ ತುಂಬುವಾಗ ಮುಂದಿನ ಸೆಲ್‌ಗೆ ಟ್ಯಾಬ್, ಕೆಳಗಿನದಕ್ಕೆ ಎಂಟರ್ ಬಳಸಿ. ಸ್ಕ್ರೋಲ್ ಲಾಕ್ ಇವೆರಡರ ತಂಟೆಗೆ ಬರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಆ ಕೀಯೇ ಕಾಣದಿದ್ದರೆ ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿ. ಪರದೆಯ ಮೇಲೊಂದು ಕೀಬೋರ್ಡ್ ತೆರೆದುಕೊಳ್ಳುತ್ತದೆ, ಅದರಲ್ಲಿ ಸ್ಕ್ರೋಲ್ ಲಾಕ್ ಆಫ್ ಮಾಡಿ.

ಮುಂದಿನದು ಅಡಗಿಸಿದ ಕಾಲಂ. ಕಂಟ್ರೋಲ್ ಜೊತೆ 0 ಒತ್ತಿದರೆ ಕಾಲಂ ಮರೆಯಾಗುತ್ತದೆ. ಕಂಟ್ರೋಲ್, ಶಿಫ್ಟ್, 0 ಒತ್ತಿದರೆ ಮರಳಿ ಬರಬೇಕು, ಆದರೆ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಬರುವುದಿಲ್ಲ. ಡೇಟಾ ಅಳಿಸಿಹೋಯಿತೆಂದು ಗಾಬರಿ ಬೇಡ. ಆ ಜೋಡಿಯನ್ನು ವಿಂಡೋಸ್ ಕೀಬೋರ್ಡ್ ವಿನ್ಯಾಸ ಬದಲಿಸಲು ಮೀಸಲಿಟ್ಟಿರುತ್ತದೆ, ಎಕ್ಸೆಲ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್, ಟೈಪಿಂಗ್, ಅಡ್ವಾನ್ಸ್‌ಡ್ ಕೀಬೋರ್ಡ್ ಸೆಟ್ಟಿಂಗ್ಸ್, ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್ ತನಕ ಹೋಗಿ. ‘ಚೇಂಜ್ ಕೀ ಸೀಕ್ವೆನ್ಸ್’ ತೆರೆದು, ‘ಸ್ವಿಚ್ ಕೀಬೋರ್ಡ್ ಲೇಔಟ್’ ಕೆಳಗೆ ‘ನಾಟ್ ಅಸೈನ್ಡ್’ ಆರಿಸಿ. ಭಾಷೆ ಬದಲಿಸಲು ವಿಂಡೋಸ್ ಜೊತೆ ಸ್ಪೇಸ್ ಇದ್ದೇ ಇದೆ, ಕಳೆದುಕೊಳ್ಳುವುದೇನಿಲ್ಲ. ಕಚೇರಿಯ ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್ ಮುಟ್ಟಲು ಬಿಡದಿದ್ದರೆ ಅಡಗಿದ ಕಾಲಂನ ಅಕ್ಕಪಕ್ಕದ ಎರಡನ್ನೂ ಸೆಲೆಕ್ಟ್ ಮಾಡಿ, ಇಂಗ್ಲಿಷ್‌ಗೆ ಬದಲಿಸಿಕೊಂಡು ಆಲ್ಟ್, ಎಚ್, ಓ, ಯು, ಎಲ್ ಕೀಗಳನ್ನು ಒಂದಾದ ಮೇಲೊಂದು ಒತ್ತಿ. ನನಗೆ ಈ ದಾರಿಯೇ ಹೆಚ್ಚು ಇಷ್ಟ.

ಲ್ಯಾಪ್‌ಟಾಪ್‌ನಲ್ಲಿ ಎಫ್2 ಅಥವಾ ಎಫ್4 ಒತ್ತಿದಾಗ ಬೆಳಕು, ಸದ್ದು ಏರಿಳಿದರೆ ಎಫ್ಎನ್ ಜೊತೆ ಸೇರಿಸಿ ಒತ್ತಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಇದು ಕಾಯಂ ಆಗಿ ಬದಲಾಗುತ್ತದೆ.

ಇಷ್ಟಕ್ಕೂ ಸರಿಹೋಗದಿದ್ದರೆ ಒಂದು ಖಾಲಿ ಹಾಳೆ ತೆರೆದು ಅದೇ ಶಾರ್ಟ್‌ಕಟ್ ಒತ್ತಿ ನೋಡಿ. ಹಳೆಯ ಫೈಲ್ ಮುಚ್ಚಿಯೇ ಈ ಪರೀಕ್ಷೆ ಮಾಡಬೇಕು. ಯಾಕೆಂದರೆ ಬೇರೆಯವರು ಬರೆದ ಮ್ಯಾಕ್ರೋಗೆ (ಫೈಲ್‌ನೊಳಗಿನ ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಂಗೆ) ಕಂಟ್ರೋಲ್ ಜೊತೆಗಿನ ಅಕ್ಷರವೊಂದನ್ನು ಕೊಟ್ಟಿದ್ದರೆ, ಆ ಫೈಲ್ ತೆರೆದಿರುವವರೆಗೂ ಎಕ್ಸೆಲ್‌ನ ಸ್ವಂತ ಶಾರ್ಟ್‌ಕಟ್ ಬದಿಗೆ ಸರಿದಿರುತ್ತದೆ. ಆಲ್ಟ್, ಎಫ್8 ಒತ್ತಿ ಮ್ಯಾಕ್ರೋ ಆರಿಸಿ ‘ಆಪ್ಷನ್ಸ್’ ನೋಡಿದರೆ ಅಕ್ಷರ ಸಿಗುತ್ತದೆ. ಖಾಲಿ ಹಾಳೆಯಲ್ಲೂ ಅದೇ ಪಾಡಾದರೆ ಆಡ್-ಇನ್, ಅಂದರೆ ಎಕ್ಸೆಲ್‌ಗೆ ಜೋಡಿಸಿದ ಹೆಚ್ಚುವರಿ ತಂತ್ರಾಂಶದ ಮೇಲೆ ಅನುಮಾನ ಪಡಿ: ಕಂಟ್ರೋಲ್ ಹಿಡಿದುಕೊಂಡೇ ಎಕ್ಸೆಲ್ ತೆರೆದು, ಸೇಫ್ ಮೋಡ್ (ಆಡ್-ಇನ್‌ಗಳಿಲ್ಲದೆ ತೆರೆಯುವ ಬಗೆ) ಬೇಕೇ ಎಂದು ಕೇಳಿದಾಗ ‘ಯೆಸ್’ ಒತ್ತಿ. ಅಲ್ಲಿ ಶಾರ್ಟ್‌ಕಟ್ ಸರಿಯಾಗಿ ನಡೆದರೆ, ಎಕ್ಸೆಲ್ ಮಾಮೂಲಿನಂತೆ ತೆರೆದು ಆಡ್-ಇನ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ.