ಡಬ್ಬಿಯಲ್ಲೂ ಮೆತ್ತಗಾಗದ ಕ್ರಿಸ್ಪಿ ಫ್ರೈಸ್: ನನ್ನ ಅನುಭವ

ಎಣ್ಣೆಯಿಂದ ತೆಗೆದ ಎರಡು ನಿಮಿಷ ಯಾರು ಮಾಡಿದ ಫ್ರೈಸಾದ್ರೂ ಕ್ರಿಸ್ಪಿನೇ, ಅದೇನ್ ದೊಡ್ಡ ವಿಷ್ಯ ಅಲ್ಲ. ಪಾರ್ಸೆಲ್ ಡಬ್ಬಿಗೆ ಹಾಕಿ ಇಪ್ಪತ್ತು ನಿಮಿಷ ಆದ್ಮೇಲೂ ಕಚ್ಚಿದ್ರೆ ಕರುಂ ಅನ್ಬೇಕು, ಕಷ್ಟ ಇರೋದೇ ಅಲ್ಲಿ. ಮೇಲೆ ಹಚ್ಚೋ ಕೋಟಿಂಗ್ ಪೌಡರ್ ಇಲ್ದೆ ಆಗೋದೇ ಇಲ್ಲ ಅಂತಿದ್ರು ಜೊತೆಯವರೆಲ್ಲ. ಈಗ ಅವ್ರೇ ಬಂದು ಕೇಳ್ತಾರೆ.

ಇದನ್ನ ಕಲಿಯೋಕ್ ಹೋಗಿ ದುಡ್ಡು ಹೋಗಿದ್ದು ಜಾಸ್ತಿ ಎಣ್ಣೆಗೇ. ಉರಿ ಜೋರು ಮಾಡಿ ಒಂದೇ ಸಲಕ್ಕೆ ಕರಿದ್ರೆ ಹೊರಗೆ ಕೆಂಪಗಾಗತ್ತೆ, ಒಳಗಿನ ನೀರು ಒಳಗೇ ಉಳ್ಕೊಂಡು ಆಮೇಲೆ ನಿಧಾನಕ್ಕೆ ಹಬೆಯಾಗಿ ಬಂದು ಮೇಲಿನ ಪದರಾನೆಲ್ಲ ಮೆತ್ತಗೆ ಮಾಡ್ಬಿಡತ್ತೆ. ಉರಿ ಇಳಿಸಿದ್ರೆ ಎಣ್ಣೆ ಕುಡ್ದು ಜೋತು ಬೀಳತ್ತೆ. ಕಮ್ಮಿಗೆ ಸಿಕ್ತು ಅಂತ ಆಲೂಗಡ್ಡೆ ಮೂಟೆ ತಂದು ತುಂಬಾ ಥಂಡಿಲಿಟ್ಟಿದ್ದು ಇನ್ನೊಂದು ಲಾಸು, ಥಂಡಿಗೆ ಅದ್ರ ಸ್ಟಾರ್ಚ್ ಸಕ್ಕರೆಗೆ ತಿರುಗತ್ತಲ್ಲ, ಎಣ್ಣೆಗೆ ಬಿದ್ದಿದ್ದೇ ಕಪ್ಪಗಾಗಿ ಕಹಿ.

ಈಗ ಮಾಡೋದು ಹೀಗೆ. ಹೆಚ್ಚಿದ ಆಲೂಗಡ್ಡೆನ ನೀರು ತಿಳಿಯಾಗೋವರೆಗೂ ತೊಳೆದು, ಲೀಟರಿಗೆ ಹೆಚ್ಚುಕಮ್ಮಿ ಒಂದು ಚಮಚ ವಿನೆಗರ್ ಹಾಕಿದ ನೀರಲ್ಲಿ ಬೇಯಿಸ್ತೀನಿ. ಹುಳಿ ಇದ್ರೆ ಪೆಕ್ಟಿನ್, ಅಂದ್ರೆ ಕೋಶಗಳನ್ನ ಹಿಡಿದಿಡೋ ಅಂಟು, ಬೇಗ ಬಿಡಲ್ಲ, ಕಡ್ಡಿ ಮುರಿಯಲ್ಲ. ಚೆನ್ನಾಗಿ ಆರಿಸಿ 165 ಡಿಗ್ರಿ ಆಸುಪಾಸಲ್ಲಿ ಕರಿದು ಬಣ್ಣ ಬರೋಕ್ ಮುಂಚೆನೇ ತೆಗ್ದು ತಣ್ಣಗಾದ್ಮೇಲೆ ಫ್ರೀಜರಿಗೆ, ರಾತ್ರಿಯಿಡೀ. ಐಸ್ ಹರಳು ಒಳಗಿನ ಕೋಶಗಳನ್ನ ಒಡೆದಿರತ್ತೆ, ಹಾಗಾಗಿ 190ರ ಹತ್ರ ಎರಡನೇ ಸಲ ಬಿಟ್ಟಾಗ ನೀರು ಸಲೀಸಾಗಿ ಹೊರಗೆ ಹೋಗತ್ತೆ. ಫ್ರೀಜರಿಗೆ ಹೋಗೋಕ್ ಮುಂಚೆ ಇನ್ನೊಂದು ಕೆಲ್ಸ ಇದೆ, ಅದು ನನ್ ಹತ್ರನೇ ಇರ್ಲಿ ಬಿಡಿ. ಕರಿದಿದ್ದನ್ನ ಪೇಪರ್ ಮೇಲೆ ಗುಡ್ಡೆ ಹಾಕ್ಬೇಡಿ, ಜಾಲರಿ ಮೇಲೆ ಹರಡಿ. ಡಬ್ಬಿಗೆ ತೂತು ಇರ್ಲೇಬೇಕು.

ಮಧ್ಯೆ ಒಂದು ಹುಚ್ಚಾಟನೂ ಆಯ್ತು. ಜಂಪಿನಿ, ಸ್ಪೆನ್ಸ್ ಅಂತ ಇಬ್ರು ಸಂಶೋಧಕರು ಚಿಪ್ಸ್ ಕಚ್ಚೋ ಸದ್ದನ್ನ ಹೆಡ್‌ಫೋನಲ್ಲಿ ಜೋರು ಮಾಡಿ ಕೇಳಿಸಿದ್ರೆ ತಿನ್ನೋರಿಗೆ ಅದು ಇನ್ನೂ ಕ್ರಿಸ್ಪಿ ಅನ್ಸತ್ತೆ ಅಂತ ತೋರಿಸಿ 2008ರಲ್ಲಿ ಇಗ್ ನೊಬೆಲ್ (ನಗು ಬರಿಸೋ ಸಂಶೋಧನೆಗೆ ಕೊಡೋ ತಮಾಷೆ ಪ್ರಶಸ್ತಿ) ತಗೊಂಡ್ರಲ್ಲ, ನಾನೂ ಮೈಕ್ ಇಟ್ಕೊಂಡು ಟ್ರೆಬಲ್ (ಕೀಚಲು ಸದ್ದು) ಏರಿಸಿ ತಿಂದು ನೋಡ್ದೆ. ನಿಜ, ಹಳೇ ಚಿಪ್ಸೂ ತಾಜಾ ಅನ್ಸತ್ತೆ! ಗಿರಾಕಿಗೆ ಹೆಡ್‌ಫೋನ್ ಕೊಡೋಕಾಗಲ್ಲ ಅಷ್ಟೇ. ಆದ್ರೆ ಅಲ್ಲಿಂದ ಕಿವಿ ಕೊಡೋದು ಕಲ್ತೆ, ಎರಡನೇ ಸಲ ಕರಿಯುವಾಗ ಗುಳ್ಳೆಗಳ ಸದ್ದು ಇಳೀತಿದ್ದ ಹಾಗೇ ತೆಗೀತೀನಿ, ಗಡಿಯಾರ ನೋಡಲ್ಲ.

ಸಿಹಿಗೆಣಸಿಗೆ ಮಾತ್ರ ಈ ಲೆಕ್ಕ ನಡೆಯಲ್ಲ. ಸಕ್ಕರೆ ಜಾಸ್ತಿ, ಗರಿಯಾಗೋಕ್ ಮುಂಚೆನೇ ಕಪ್ಪಗಾಗತ್ತೆ. ಕಾರ್ನ್‌ಫ್ಲೋರ್ ಹೊರಳಿಸಿ ಉರಿ ಇಳಿಸಿದ್ರೆ ಪರ್ವಾಗಿಲ್ಲ ಅನ್ನೋ ಮಟ್ಟಕ್ಕೆ ಬಂದಿದೆ, ಮಾರೋ ಮಟ್ಟಕ್ಕಲ್ಲ.