ಅಮೆರಿಕದ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಭಾಷಾ ಪರೀಕ್ಷೆ: ಕನ್ನಡ ಮನೆಯ ಪೋಷಕರಿಗೆ ಮಾರ್ಗದರ್ಶಿ

ಅಮೆರಿಕದ ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸುವಾಗ ತುಂಬಬೇಕಾದ ಅರ್ಜಿಗಳ ಕಟ್ಟಿನಲ್ಲಿ ‘ಹೋಮ್ ಲ್ಯಾಂಗ್ವೇಜ್ ಸರ್ವೆ’ ಎಂಬ ಪುಟವೊಂದಿರುತ್ತದೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ ಯಾವುದು ಎಂಬ ಕೆಲವೇ ಪ್ರಶ್ನೆಗಳು ಅದರಲ್ಲಿರುತ್ತವೆ. ‘ಕನ್ನಡ ಅಂತ ಬರೆದರೆ ಮಗುವನ್ನು ಬೇರೆ ತರಗತಿಗೆ ಹಾಕುತ್ತಾರೆ, ಇಂಗ್ಲಿಷ್ ಅಂತಲೇ ಬರೆದುಬಿಡಿ’ ಎಂಬ ಸಲಹೆ ನಮ್ಮವರಲ್ಲಿ ಧಾರಾಳವಾಗಿ ಸಿಗುತ್ತದೆ. ಅದನ್ನು ಕೇಳದಿರುವುದೇ ಒಳ್ಳೆಯದು. ಆ ಪುಟದಿಂದ ಯಾವುದೂ ತೀರ್ಮಾನವಾಗುವುದಿಲ್ಲ, ಮಗುವನ್ನು ಪರೀಕ್ಷಿಸಬೇಕೇ ಬೇಡವೇ ಎಂಬುದಷ್ಟೇ ಗೊತ್ತಾಗುತ್ತದೆ. ಇಂಗ್ಲಿಷ್ ಚೆನ್ನಾಗಿ ಬರುವ ಮಗು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅಲ್ಲಿಗೇ ವಿಷಯ ಮುಗಿಯುತ್ತದೆ. ಬಾರದ ಮಗುವಿನ ಭಾಷೆಯನ್ನು ಮುಚ್ಚಿಟ್ಟರೆ, ಸ್ಯಾನ್‌ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ 1974ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ‘ಲಾವ್ ವಿರುದ್ಧ ನಿಕೋಲ್ಸ್’ ತೀರ್ಪಿನಿಂದ ಗಟ್ಟಿಯಾದ ಹಕ್ಕೊಂದನ್ನು, ಅಂದರೆ ಇಂಗ್ಲಿಷ್ ಬಾರದ ಮಗು ಶಾಲೆಯಿಂದ ಭಾಷೆಯ ನೆರವು ಪಡೆಯುವ ಹಕ್ಕನ್ನು, ನಾವೇ ಕೈಬಿಟ್ಟಂತಾಗುತ್ತದೆ.

ಶಾಲೆಗೆ ಸೇರಿದ 30 ದಿನಗಳೊಳಗೆ ಈ ಪ್ರಾಥಮಿಕ ಪರೀಕ್ಷೆ ನಡೆಯಬೇಕೆಂದು 2015ರ ಒಕ್ಕೂಟ ಶಿಕ್ಷಣ ಕಾಯ್ದೆ ಹೇಳುತ್ತದೆ. ಪರೀಕ್ಷೆಯ ಹೆಸರು ರಾಜ್ಯದಿಂದ ರಾಜ್ಯಕ್ಕೆ ಬೇರೆ: ಕ್ಯಾಲಿಫೋರ್ನಿಯಾದಲ್ಲಿ ‘ಎಲ್ಪ್ಯಾಕ್’, ನ್ಯೂಯಾರ್ಕಿನಲ್ಲಿ ‘ನಿಸಿಟೆಲ್’, ನ್ಯೂಜೆರ್ಸಿ, ಇಲಿನಾಯ್, ವರ್ಜೀನಿಯಾ ಮುಂತಾದ ಹಲವು ರಾಜ್ಯಗಳಲ್ಲಿ ‘ವೀಡಾ’ ಸಂಸ್ಥೆಯ ಪರೀಕ್ಷೆ. ಅಪರಿಚಿತ ದೊಡ್ಡವರೆದುರು ಬಾಯಿ ಬಿಡದ ಮಗು ನಿಮ್ಮದಾಗಿದ್ದರೆ ಅದನ್ನು ಮೊದಲೇ ಶಾಲೆಗೆ ತಿಳಿಸಿ, ಮಗುವಿಗೂ ಮುಂಚಿತವಾಗಿ ಹೇಳಿಡಿ. ಸಂಕೋಚದ ಮೌನವೂ ಅಂಕಪಟ್ಟಿಯಲ್ಲಿ ಭಾಷೆಯ ಕೊರತೆಯಾಗಿಯೇ ದಾಖಲಾಗುತ್ತದೆ.

ಮಗುವನ್ನು ಇಂಗ್ಲಿಷ್ ಕಲಿಯುತ್ತಿರುವ ವಿದ್ಯಾರ್ಥಿ ಎಂದು ಗುರುತಿಸಿದರೆ ಮನೆಗೆ ಪತ್ರ ಬರುತ್ತದೆ. ಮಗುವಿನ ಈಗಿನ ಮಟ್ಟ, ಕೊಡಲಿರುವ ಪಾಠದ ಕ್ರಮ, ಈ ಪಟ್ಟಿಯಿಂದ ಹೊರಬರಲು ಬೇಕಾದ ಅರ್ಹತೆ ಇವು ಅದರಲ್ಲಿ ಇರಲೇಬೇಕು. ಪತ್ರ ಅರ್ಥವಾಗದಿದ್ದರೆ ಉಚಿತವಾಗಿ ದುಭಾಷಿಯನ್ನು ಕೇಳುವ ಹಕ್ಕು ಪೋಷಕರಿಗಿದೆ. ವಿಶೇಷ ಪಾಠ ಬೇಡವೆಂದು ಬರೆದುಕೊಡಲೂಬಹುದು. ಆದರೆ ಹಾಗೆ ಬರೆದುಕೊಟ್ಟ ಮಾತ್ರಕ್ಕೆ ಮಗು ಪಟ್ಟಿಯಿಂದ ಹೊರಬರುವುದಿಲ್ಲ, ಇಂಗ್ಲಿಷ್ ಮಟ್ಟವನ್ನು ಅಳೆಯುವ ವಾರ್ಷಿಕ ಪರೀಕ್ಷೆಯೂ ತಪ್ಪುವುದಿಲ್ಲ. ಪಾಠ ಬಿಟ್ಟು ಪರೀಕ್ಷೆ ಮಾತ್ರ ಉಳಿಸಿಕೊಳ್ಳುವುದರಲ್ಲಿ ನನಗಂತೂ ಲಾಭ ಕಾಣುವುದಿಲ್ಲ.

ಈ ವಾರ್ಷಿಕ ಪರೀಕ್ಷೆಯಲ್ಲಿ ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕು ಭಾಗಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಇದು ಫೆಬ್ರವರಿ 1ರಿಂದ ಮೇ 31ರ ನಡುವೆ ನಡೆಯುತ್ತದೆ. ವೀಡಾ ರಾಜ್ಯಗಳಲ್ಲಿ ಸಾಮಾನ್ಯವಾಗಿ ಚಳಿಗಾಲದಲ್ಲಿ. ವೀಡಾದ ಒಟ್ಟು ಅಂಕದಲ್ಲಿ ಓದು ಮತ್ತು ಬರಹಕ್ಕೆ ತಲಾ ಶೇ. 35, ಆಲಿಸುವಿಕೆ ಮತ್ತು ಮಾತಿಗೆ ತಲಾ ಶೇ. 15 ತೂಕವಿದೆ. ಹಾಗಾಗಿ ಆಟದ ಬಯಲಿನಲ್ಲಿ ಪಟಪಟನೆ ಇಂಗ್ಲಿಷ್ ಆಡುವ ಮಗು ಬರಹದಲ್ಲಿ ಹಿಂದುಳಿದು ವರ್ಷಗಟ್ಟಲೆ ಪಟ್ಟಿಯಲ್ಲೇ ಉಳಿಯುವುದುಂಟು. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮ ಶಾಲೆಯಿಂದ ಬಂದ ಮಗುವಿನ ಕಥೆ ಇದಕ್ಕೆ ತಿರುಗುಮುರುಗಾಗಿರಬಹುದು: ಓದು, ಬರಹ ಸಲೀಸು, ಆದರೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿಗೆ ಉತ್ತರ ಹೇಳುವಾಗ ‘ಎಸ್’, ‘ನೋ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಕಾರಣ ಕೊಟ್ಟು ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸುವುದನ್ನು ಪರೀಕ್ಷಾ ಸಂಸ್ಥೆಗಳು ಒದಗಿಸುವ ಮಾದರಿ ಪ್ರಶ್ನೆಗಳಲ್ಲಿ ಮುಂಚೆಯೇ ಅಭ್ಯಾಸ ಮಾಡಿಸಬೇಕು. ಫಲಿತಾಂಶ ಬಂದಾಗಲೂ ಒಟ್ಟು ಅಂಕವನ್ನು ಬಿಟ್ಟು ನಾಲ್ಕು ಭಾಗಗಳನ್ನು ಪ್ರತ್ಯೇಕವಾಗಿ ನೋಡಿ, ಕಡಿಮೆ ಬಂದ ಭಾಗಕ್ಕೆ ಶಾಲೆಯಲ್ಲಿ ಏನು ಮಾಡುತ್ತಿದ್ದಾರೆಂದು ಕೇಳಬೇಕು.

ಇನ್ನು ‘ಅಕಾಮಡೇಶನ್’ ಎಂದು ಶಾಲೆಯವರು ಕರೆಯುವ ಪರೀಕ್ಷಾ ಸೌಲಭ್ಯಗಳು. ಪೋಷಕರು ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲಿಯೇ, ಏಕೆಂದರೆ ಎರಡು ಬಗೆಯ ಪರೀಕ್ಷೆಗಳು ಬೆರೆತುಹೋಗುತ್ತವೆ. ಭಾಷಾ ಪರೀಕ್ಷೆ ಅಳೆಯುವುದೇ ಇಂಗ್ಲಿಷನ್ನಾದ್ದರಿಂದ ಅಲ್ಲಿ ನಿಘಂಟು ಸಿಗುವುದಿಲ್ಲ, ಓದುವ ಭಾಗವನ್ನು ಯಾರೂ ಓದಿ ಹೇಳುವುದಿಲ್ಲ. ಅಂಗವೈಕಲ್ಯದ ಕಾರಣಕ್ಕೆ ಲಿಖಿತ ಯೋಜನೆಯುಳ್ಳ ಮಕ್ಕಳಿಗೆ ಮಾತ್ರ ಅದರಲ್ಲಿ ಕೆಲವು ವಿಶೇಷ ಸೌಲಭ್ಯಗಳಿರುತ್ತವೆ. ಮೂರನೆಯ ತರಗತಿಯಿಂದ ಎಲ್ಲ ಮಕ್ಕಳೂ ಬರೆಯುವ ರಾಜ್ಯಮಟ್ಟದ ಗಣಿತ ಮತ್ತು ಓದಿನ ಪರೀಕ್ಷೆಗಳ ಮಾತು ಬೇರೆ. ಅಲ್ಲಿ ಹೆಚ್ಚುವರಿ ಸಮಯ, ಸಣ್ಣ ಗುಂಪಿನಲ್ಲಿ ಪ್ರತ್ಯೇಕ ಕೋಣೆ, ಗಣಿತದ ಪ್ರಶ್ನೆಯನ್ನು ಕಂಪ್ಯೂಟರ್ ಓದಿ ಹೇಳುವ ವ್ಯವಸ್ಥೆ, ಸೂಚನೆಗಳನ್ನು ಸರಳವಾಗಿ ವಿವರಿಸುವುದು, ಅರ್ಥವಿವರಣೆಯಿಲ್ಲದೆ ಪದಕ್ಕೆ ಪದ ಮಾತ್ರ ಕೊಡುವ ದ್ವಿಭಾಷಾ ಪದಪಟ್ಟಿ ಇಂಥವನ್ನು ರಾಜ್ಯದ ನಿಯಮದಂತೆ ಕೊಡುತ್ತಾರೆ. ಅಮೆರಿಕದ ಶಾಲೆಗೆ ಸೇರಿ 12 ತಿಂಗಳಾಗದ, ಇಂಗ್ಲಿಷ್ ಕಲಿಯುತ್ತಿರುವ ಮಗುವಿಗೆ ಇಂಗ್ಲಿಷ್ ಓದಿನ ಪರೀಕ್ಷೆಯಿಂದ ಒಂದು ಬಾರಿ ವಿನಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವಿದೆ. ಗಣಿತಕ್ಕೆ ಆ ವಿನಾಯಿತಿ ಇಲ್ಲ.

ಸಿಗುವುದನ್ನೆಲ್ಲ ಕೇಳಿ ಪಡೆಯುವುದು ಜಾಣತನವಲ್ಲ. ಮಗುವಿಗೆ ಒಪ್ಪುವುದನ್ನು ಆರಿಸಬೇಕು. ಧಾರವಾಡದ ಕನ್ನಡ ಮಾಧ್ಯಮದಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿ ಬಂದ ಹುಡುಗಿಗೆ ಕನ್ನಡ ಪದಪಟ್ಟಿ ನಿಜಕ್ಕೂ ಆಸರೆಯಾಗುತ್ತದೆ. ಮನೆಯಲ್ಲಿ ಕನ್ನಡ ಆಡಿದರೂ ಕನ್ನಡ ಓದಲು ಬಾರದ, ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಹುಡುಗನಿಗೆ ಅದೇ ಪಟ್ಟಿ ಬರಿಯ ಕಾಗದ, ಅದನ್ನು ತಿರುವಿಹಾಕುವುದರಲ್ಲೇ ಅವನ ಸಮಯ ಕಳೆಯುತ್ತದೆ. ಅವನ ತೊಡಕು ಬೇರೆಯದು. ‘ಮೀರಾಳ ಬಳಿ 14 ಡೈಮ್ ನಾಣ್ಯ‌ಗಳಿವೆ, ಅವು ಸ್ಯಾಮ್‌ನ ಬಳಿ ಇರುವುದಕ್ಕಿಂತ 6 ಕಡಿಮೆ, ಸ್ಯಾಮ್‌ನ ಬಳಿ ಎಷ್ಟಿವೆ?’ ಎಂಬ ಲೆಕ್ಕವನ್ನು ಇಂಗ್ಲಿಷಿನಲ್ಲಿ ಓದಿದವನು ‘ಕಡಿಮೆ’ ಕಂಡೊಡನೆ 14ರಿಂದ 6 ಕಳೆದು 8 ಎಂದು ಬರೆದುಬಿಡುತ್ತಾನೆ, ಉತ್ತರ 20. ಪ್ರಶ್ನೆಯನ್ನು ಎರಡು ಬಾರಿ ಕೇಳಿಸಿಕೊಳ್ಳುವ ವ್ಯವಸ್ಥೆ ಮತ್ತು ತುಸು ಹೆಚ್ಚು ಸಮಯ ಇದ್ದರೆ ಅವನು ದಾರಿ ಹಿಡಿಯಬಲ್ಲ. ಆರಿಸಿದ ಸೌಲಭ್ಯ ತರಗತಿಯ ದಿನನಿತ್ಯದ ಕೆಲಸದಲ್ಲಿಯೂ ಬಳಕೆಯಲ್ಲಿರಬೇಕು, ಪರೀಕ್ಷೆಯ ದಿನವೇ ಮೊದಲ ಬಾರಿಗೆ ಹೆಡ್‌ಫೋನ್ ಕೈಗೆ ಬಂದರೆ ಅದರಿಂದ ತೊಂದರೆಯೇ ಹೆಚ್ಚು.

ಆದ್ದರಿಂದ ಪರೀಕ್ಷೆಗಳು ಶುರುವಾಗುವುದಕ್ಕೆ ಸಾಕಷ್ಟು ಮೊದಲೇ ಇಂಗ್ಲಿಷ್ ಕಲಿಕೆಯ ಶಿಕ್ಷಕರಿಗೆ ಇಮೇಲ್ ಬರೆದು, ಮಗುವಿಗೆ ಯಾವ ಯಾವ ಸೌಲಭ್ಯಗಳನ್ನು ದಾಖಲಿಸಿದ್ದಾರೆ, ಅವನ್ನು ತರಗತಿಯಲ್ಲಿ ಎಷ್ಟರಮಟ್ಟಿಗೆ ಬಳಸುತ್ತಿದ್ದಾರೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ. ಮಗುವಿಗೆ ಕನ್ನಡದಲ್ಲಿಯೂ ಮಾತು ತಡವಾಗುತ್ತಿದ್ದರೆ, ನೆನಪಿಟ್ಟುಕೊಳ್ಳುವುದು ಕಷ್ಟವಾಗುತ್ತಿದ್ದರೆ ‘ಇಂಗ್ಲಿಷ್ ಬಂದರೆ ಸರಿಹೋಗುತ್ತದೆ’ ಎಂದು ಕಾಯಬಾರದು; ಕಲಿಕೆಯ ತೊಂದರೆಯ ತಪಾಸಣೆಯನ್ನು ಲಿಖಿತವಾಗಿ ಕೋರಬಹುದು, ಮತ್ತು ಸಾಧ್ಯವಿದ್ದಷ್ಟೂ ಅದನ್ನು ಮಗುವಿನ ಭಾಷೆಯಲ್ಲಿಯೇ ನಡೆಸಬೇಕೆಂಬ ನಿಯಮವಿದೆ.

ಪಟ್ಟಿಯಿಂದ ಹೊರಬರುವ ಅರ್ಹತೆಯನ್ನು ಆಯಾ ರಾಜ್ಯ ನಿಗದಿಪಡಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಎಲ್ಪ್ಯಾಕ್‌ನ ಒಟ್ಟು 4ನೆಯ ಮಟ್ಟದ ಜೊತೆಗೆ ಶಿಕ್ಷಕರ ಮೌಲ್ಯಮಾಪನ, ಪೋಷಕರ ಅಭಿಪ್ರಾಯ, ಇಂಗ್ಲಿಷ್ ಬಲ್ಲ ಅದೇ ವಯಸ್ಸಿನ ಮಕ್ಕಳೊಂದಿಗೆ ಮೂಲಭೂತ ಕೌಶಲಗಳ ಹೋಲಿಕೆ ಇವನ್ನೂ ಪರಿಗಣಿಸುತ್ತಾರೆ. ಹಾಗಾಗಿ ಅಭಿಪ್ರಾಯ ಕೇಳುವ ಸಭೆಗೆ ಹೋಗದೆ ಸಹಿ ಮಾತ್ರ ಕಳಿಸುವುದು ತರವಲ್ಲ. ಹೊರಬಂದ ಮೇಲೂ ಕನಿಷ್ಠ ಎರಡು ವರ್ಷ ಶಾಲೆ ಮಗುವಿನ ಪ್ರಗತಿಯ ಮೇಲೆ ಕಣ್ಣಿಡಬೇಕು. ಆ ಅವಧಿಯಲ್ಲಿ ಭಾಷೆಯ ಕಾರಣಕ್ಕೇ ಅಂಕಗಳು ಕುಸಿಯತೊಡಗಿದರೆ ಮರುಪರೀಕ್ಷೆ ನಡೆಸಿ ನೆರವು ಮತ್ತೆ ಕೊಡುವಂತೆ ಕೇಳಬಹುದು.